ಕಳ್ಳಗಾಡಿ

…ಅಲ್ಲ ಕಣೋ ವಿಲ್ಹೋ, ಒಂದು ಟಪಾಲು ಡಬ್ಬಿಗೆ ಗುದ್ದಿದ್ದಕ್ಕೆ ಡುಲುತ್‌ನಿಂದ ಕಾರು ಬಿಟ್ಕೊಂಡು ಬಂದ್ಯಾ? ಅದೂ ಇಂಥ ಹಿಮದಲ್ಲಿ! ಟಪಾಲು ಡಬ್ಬಿ ಮಾರಾಯ, ತಗಡಿಂದು! ಅದರ ಗೂಟ ಮೊದಲೇ ಲಡ್ಡಾಗಿತ್ತು. ನಾನು ತಾಗಿಸದಿದ್ರೆ ಹಿಮ ತಳ್ಳೋ ಲಾರಿಯವನು ಬೀಳಿಸ್ತಿದ್ದ. ಏನು, ನಗ್ತಿದ್ದೀಯಾ? ನಗು, ನಗು. ನಿಮ್ಮಕ್ಕ ಐಲಿ ಫೋನಲ್ಲಿ ಅದೇನು ಊದಿದ್ಲೋ ನಿನ್ನ ಕಿವೀಲಿ... ಕೂತ್ಕೋ. ಆ ಕುರ್ಚಿ ಬೇಡ, ಅದರ ಕಾಲು ಅಲ್ಲಾಡತ್ತೆ. ಹಾಂ, ಇದು. ಐಲಿ ಮೇಲೆ ಮಲಗಿದಾಳಾ? ಮಲಗಲಿ ಪಾಪ. ಭಾನುವಾರ ಒಂದಿನ ಸುಖ ಅವಳಿಗೆ. ನಾಳೆ ಬೆಳಗ್ಗೆ ಮತ್ತೆ ಆಸ್ಪತ್ರೆ, ಮತ್ತೆ ಆ ಯಂತ್ರ, ಮೈಯ ರಕ್ತಾನೆಲ್ಲ ಹೊರಗೆ ಎಳೆದು ತೊಳೆದು ಒಳಗೆ ಬಿಡೋದು.

ಏನಂದೆ? ಇನ್ನೊಂದ್ಸಲ ಹೇಳು... ಕರ್ಕೊಂಡು ಹೋಗ್ತೀಯಾ? ಐಲಿನ? ಎಷ್ಟು ದಿನಕ್ಕೆ?... ಓ. ಅಂದ್ರೆ ಇನ್ಮೇಲೆ ಅಲ್ಲೇ. ನಿಮ್ಮನೆಯಿಂದ ಆಸ್ಪತ್ರೆ ಹತ್ರ, ನಿನ್ನ ಹೆಂಡ್ತಿ ನೋಡ್ಕೋತಾಳೆ... ಎಲ್ಲ ಲೆಕ್ಕ ಹಾಕ್ಕೊಂಡೇ ಬಂದಿದ್ದೀಯ. ಮತ್ತೆ ನಾನು?... ಹ್ಞೂಂ. ಇರೋದೊಂದು ಕೋಣೆ. ಗೊತ್ತು ಬಿಡು, ನೀನೇನು ಅರಮನೆ ಕಟ್ಟಿಲ್ಲ. ಅಂದ್ರೆ ನಾನಿಲ್ಲಿ, ಅವಳಲ್ಲಿ. ಈ ವಯಸ್ಸಲ್ಲಿ! ನೋಡಬೇಕು ಅನ್ನಿಸಿದ್ರೆ ನಾನು ಹೇಗೆ ಬರ್ಲಿ? ಕಾರಲ್ಲಿ ಬರ್ತೀನಿ ಅಂತ ಹೇಳಿಬಿಡ್ತಿದ್ದೆ ನೋಡು. ಕಾರು ಮುಟ್ಟಬೇಡ ಅನ್ನೋಕೇ ತಾನೆ ನೀನು ಬಂದಿರೋದು!

ನನ್ನ ಕಣ್ಣಿಗೇನಾಗಿದೆಯೋ? ಅದಿರಿನ ರೈಲು ಓಡಿಸಿದ ಕಣ್ಣು ಇವು. ಇಂಜಿನ್ನಲ್ಲಿ ನಾನು ಕೂತು ಹೊರಟ್ರೆ ಕಡೇ ಗಾಡಿ ಇನ್ನೂ ಗಣಿ ಒಳಗೇ ಇರ್ತಿತ್ತು, ಅಂಥ ಉದ್ದ! ಗಣಿಯಿಂದ ಸರೋವರದ ತನಕ ಇಳಿಜಾರು, ಹಿಂದೆ ಅಷ್ಟು ಕಬ್ಬಿಣ ನೂಕ್ತಾ ಇರತ್ತೆ, ಈ ತೌನೋ ಒಂದು ಜಿಂಕೆಗೂ ತಾಗಿಸಲಿಲ್ಲ... ಸರಿ, ಒಂದು ಜಿಂಕೆ. ಅದೂ ಆ ಜಿಂಕೆದೇ ತಪ್ಪು.

ಏನದು ಜೇಬಿಂದ ತೆಗೀತಿರೋದು?... ಕಳ್ಳಗಾಡಿನಾ? ಕಳ್ಳಗಾಡಿ ಆಡೋಣ ಅಂತೀಯಾ? ಈಗ? ಥೂ ನಿನ್ನ, ಮನೆಯಿಂದಲೇ ತಂದಿದೀಯಲ್ಲೋ ಕಳ್ಳ! ಆಟದ ರೈಲಿನ ಗುರುವಾರದ ಗುಂಪಲ್ಲಿ ಎಷ್ಟು ಆಡಿದೀವಿ ಮಾರಾಯ... ನೆನಪಿದೆಯಾ? ಓಡಿಸೋನು ಬೆನ್ನು ತಿರುಗಿಸಿ ನಿಲ್ಲಬೇಕು, ಎದುರಾಳಿ ಬೇರೆ ಕಂಪನಿ ಗಾಡಿ ಒಂದನ್ನ ಸಾಲಿನ ಮಧ್ಯೆ ತೂರಿಸಬೇಕು. ರೈಲು ಬಂದರುಕಟ್ಟೆ ಮುಟ್ಟೋಷ್ಟರಲ್ಲಿ 'ಅದೋ ಕಳ್ಳ!' ಅಂತ ತೋರಿಸಬೇಕು. ತೋರಿಸದಿದ್ರೆ ಎಲ್ರಿಗೂ ಕಡುಬು ಕೊಡಿಸಬೇಕು. ನಾನು ಯಾವತ್ತಾದ್ರೂ ಕೊಡಿಸಿದೀನಾ ಹೇಳು? ಆ ದಡ್ಡ ಎಸ್ಕೋ ವಾರವಾರ ಕೊಡಿಸಿ ಕೊಡಿಸಿ ಗುಂಪೇ ಬಿಟ್ಟು ಹೋದ.

ಪಣ ಏನು?... ಹಿಡಿದ್ರೆ ನೀನು ಬಾಯಿ ಮುಚ್ಕೊಂಡು ಊರಿಗೆ ವಾಪಸ್ಸು. ನಾಳೆ ಅವಳನ್ನ ಕರ್ಕೊಂಡು ಹೋಗೋದು ನಾನೇ. ಹಿಡೀದಿದ್ರೆ?... ಹ್ಞೂಂ. ಬಾಯಿಬಿಟ್ಟು ಹೇಳಬೇಡ, ಗೊತ್ತಾಯ್ತು. ಆದ್ರೆ ಒಂದು ಸುತ್ತು ಸಾಲದು, ಮೂರು ಸುತ್ತು ಬೇಕು ನಂಗೆ. ಯಾಕೆ ಅಂದ್ರೆ... ಯಾಕೆ ಅಂದ್ರೆ ನನ್ನ ನೆಲಮಾಳಿಗೆ, ನನ್ನ ಹಳಿ! ಬೆನ್ನು ತಿರುಗಿಸ್ತೀನಿ. ಸೇರಿಸು ನಿನ್ನ ಕಳ್ಳನ್ನ.

ಆಯ್ತಾ? ಕೊಂಡಿ ಸರಿಯಾಗಿ ಹಾಕಿದ್ಯಾ? ಬಿಟ್ಟೆ ನೋಡು.

ಹೋಗ್ತಿದೆ, ಹೋಗ್ತಿದೆ... ಆಹಾ, ಆ ಸದ್ದು ಕೇಳೋ. ಒಂದೊಂದೂ ಬೆರಳುದ್ದದ ಗಾಡಿ, ಆದ್ರೆ ಸಾಲಾಗಿ ಹೊರಟ್ರೆ ನಿಜವಾದ ರೈಲಿನ ಸದ್ದೇ. ಇದನ್ನೆಲ್ಲ ಕೂಡಿಸೋಕೆ ಎಷ್ಟು ಸಂತೆ ತಿರುಗಿದೀನಿ ನಾನು, ಒಂದೊಂದೇ, ಒಂದೊಂದೇ. ಒಂದರ ನಂಬರ್ ಇನ್ನೊಂದಕ್ಕಿಲ್ಲ. ನಿಜವಾದ ರೈಲಲ್ಲಿ ಒಂದೇ ನಂಬರಿನ ಎರಡು ಗಾಡಿ ಇರತ್ತಾ? ಇರಲ್ಲ. ಒಂದೆಳೆ ಕೂದಲಿನ ಕುಂಚ ಹಿಡಿದು, ಉಸಿರು ಬಿಗಿಹಿಡಿದು ಬರೀತಿದ್ದೆ. ಐಲಿ ಮೆಟ್ಟಿಲ ಮೇಲೆ ನಿಂತು ಅನ್ನೋಳು, 'ನಾನು ಸತ್ರೆ ನಂಗೂ ಒಂದು ನಂಬರ್ ಬರೆದು ಎರಡು ಸುತ್ತು ಹೊಡೆಸು' ಅಂತ.

ಏನು? ಯಾವುದಕ್ಕೆ ನಂಬರಿಲ್ಲ?... ಓ, ಹಿಂದಿನವಾ. ಅವು ಹೊಸವು. ಬರೀಬೇಕು. ಕುಂಚ ಹಾಳಾಗಿದೆ, ಅಂಥದು ಈಗ ಎಲ್ಲಿ ಸಿಗತ್ತೆ ಹೇಳು... ಗೊತ್ತು ಕಣೋ, ಬೇಸಿಗೆಯಲ್ಲಿ ಕುಂಚದ ಕಟ್ಟನ್ನೇ ತಂದ್ಕೊಟ್ಟಿದ್ದು ನೀನೇ. ಇಲ್ಲೇ ಎಲ್ಲೋ ಇದೆ. ಸಮಯ ಎಲ್ಲಿದೆ ನಂಗೆ? ವಾರದಲ್ಲಿ ಮೂರು ದಿನ ಆಸ್ಪತ್ರೆ, ಮಿಕ್ಕ ದಿನ ಅಡಿಗೆ, ಬಟ್ಟೆ... ನೀನು ನಂಬರ್ ನೋಡಬೇಡ, ನಿನ್ನ ಕಳ್ಳನ್ನ ಕಾಯಿ.

ಹ್ಞಾಂ? ಅದಾ, ಇಂಜಿನ್ನು ಕಿರುಗುಡೋದಾ? ಬರ್ತಾ ಬರ್ತಾ ಹಾಗಾಗಿದೆ. ಗಾಡಿಗೆ ಅದಿರಿನ ಬದಲು ಪ್ಲಾಸ್ಟಿಕ್ ಪುಡಿ ತುಂಬು ಅಂತ ಎಲ್ರೂ ಹೇಳಿದ್ರು, ನಾನು ಕೇಳಲಿಲ್ಲ. ಜೀವನ ಪೂರ್ತಿ ಅದಿರು ಹೊತ್ತೋನು ಪ್ಲಾಸ್ಟಿಕ್ ಹೊರಲಾ? ಗಣಿಯಿಂದ ಅದಿರಿನ ಗುಂಡು ತಂದು, ಸುತ್ತಿಗೇಲಿ ಕುಟ್ಟಿ, ಜರಡಿ ಹಿಡಿದು ತುಂಬಿದೀನಿ. ಅದರ ಪುಡಿ ಹಳಿ ಮೇಲೆ ಬಿದ್ರೆ ಇಂಜಿನ್ನೊಳಗಿನ ಅಯಸ್ಕಾಂತ ಎಳ್ಕೊಳತ್ತೆ, ಕರುಳೆಲ್ಲ ಕಬ್ಬಿಣ ಆಗಿಬಿಡತ್ತೆ. ಮೊದಲು ನಾನು ಒಂದು ಕಾಳು ಬೀಳೋಕೆ ಬಿಡ್ತಿರಲಿಲ್ಲ... ಎಲ್ಲಿ ಬಿದ್ದಿದೆ?... ಅಷ್ಟೊಂದಾ? ರಾಶಿನಾ? ಇಲ್ಲ... ಹ್ಞಾಂ, ನೋಡಿದೀನಿ, ನೋಡಿದೀನಿ. ಗುಡಿಸಬೇಕು ಅಂತಾನೇ ಇದ್ದೆ.

ದೀಪ ಹಾಕಬೇಡ! ಈ ಬೆಳಕು ಸಾಕು. ಜಾಸ್ತಿ ಬೆಳಕಲ್ಲಿ ಬಣ್ಣ ಮಾಸತ್ತೆ... ಹಾಕಬೇಡ ಅಂದ್ನಲ್ಲ!

ಎರಡನೇ ಸುತ್ತಾ ಇದು? ಮೂರನೇದಾ? ಮಾತಾಡ್ಸಿ ಮಾತಾಡ್ಸಿ ನನ್ನ ಗಮನ ತಪ್ಪಿಸ್ತಿದ್ದೀಯ, ಹಳೇ ಉಪಾಯ. ಮನೆ ಕಾಯಿಸೋ ಒಲೆ ಹಿಂದೆ ಹೋಯ್ತು... ತಿರುವು ದಾಟಿತು... ಬಟ್ಟೆ ಒಗೆಯೋ ಯಂತ್ರದ ಪಕ್ಕ ಬಂತು, ಕಟ್ಟೆಗೆ ಹತ್ತಿರ... ಇರು. ಇರು, ಇರು. ನಿನ್ನ ಉಸಿರು ಬಿಗಿಯಾಯ್ತು ನೋಡು, ಅಂದ್ರೆ ನನ್ನ ಮುಂದೇನೇ ಹೋಗ್ತಿದೆ... ಅದೋ! ಅದೋ ಕಳ್ಳ! ನಿಲ್ಲಿಸಿದೆ! ಇದೇ, ಈ ಗಾಡಿ! ಹಿಡಿದ್ನಾ ಇಲ್ವಾ? ಹಹ್ಹಾ! ಕಣ್ಣು ಹೋಗಿದೆಯಂತೆ ಕಣ್ಣು! ನಾಳೆ ಕಾರು ನಂದು, ಹೋಗು ಹೋಗು, ಮೇಲೆ ಹೋಗಿ ನಿಮ್ಮಕ್ಕಂಗೆ ಹೇಳು...

ಯಾಕೋ? ನಗಲ್ವಾ? ಸೋತಿದ್ದಕ್ಕೆ ಮುಖ ಊದಿಸ್ಕೋಬೇಡ... ಏನಿದು? ಇನ್ನೊಂದು ಗಾಡಿ ಯಾಕೆ ಕೊಡ್ತಿದ್ದೀಯ ಈ ಕೈಗೆ? ಒಂದು ಹಿಡ್ಕೊಂಡಿದೀನಲ್ಲ... ವಿಲ್ಹೋ? ಎಲ್ಲಿಗೆ ಹೊರಟೆ? ಕಾಫಿಗಾ? ಹಾಂ, ತಗೊಂಡು ಬಾ. ಪುಲ್ಲಾ ಬನ್ನೂ ತಗೊಂಡು ಬಾ, ಬಟ್ಟೆ ಕೆಳಗೆ ಮುಚ್ಚಿಟ್ಟಿದಾಳೆ. ಮೆಲ್ಲಗೆ ಹತ್ತು, ಅವಳನ್ನ ಎಬ್ಬಿಸಬೇಡ.

ಅಯ್ಯೋ.

ಮೂಲೇಲಿ ಚೂರು ಹಾರಿದೆ ಇದಕ್ಕೆ... ಅಂಟು ಹಾಕಿದ ಗಂಟು... ಇದು ನಂದೇ ಗಾಡಿ. ನನ್ನ ಗಾಡೀನೇ ಕಳ್ಳ ಅಂದ್ನಲ್ಲ... ಮತ್ತೆ ಇದು? ಇದು ನುಣ್ಣಗಿದೆ. ಹೊಸ ಬಣ್ಣದ ವಾಸನೆ. ಬೇಕಂತಲೇ ಬಣ್ಣ ಹೊಡ್ಕೊಂಡು ಬಂದಿದಾನೆ ಪಾಪಿ, ಮೂಗು ಕೂಡ ಕಂಡುಹಿಡಿಯೋವಂಥ ಬಣ್ಣ, ಮೂರು ಸುತ್ತು ನನ್ನ ಮೂಗಿನ ಕೆಳಗೇ ಹೋಗಿದೆ...

ಬಂದ್ಯಾ? ಇಷ್ಟು ಹೊತ್ತಾ ಮೆಟ್ಟಿಲಿಳಿಯೋಕೆ? ಒಂದೊಂದು ಮೆಟ್ಟಿಲಿಗೂ ನಿಂತ್ಕೊಂಡು ನಿಂತ್ಕೊಂಡು... ನಿಂಗೂ ಮಂಡಿ ಹಿಡಿದಿದೆಯಾ? ಕೂತ್ಕೋ. ಹಾಂ, ಕಾಫಿ... ಸಕ್ಕರೆ ಗಟ್ಟಿ ಬೇರೆ ಇಟ್ಟಿದ್ದೀಯ ತಟ್ಟೇಲಿ. ಭೇಷ್. ಕಪ್ಪಿನ ಹಿಡಿ ನನ್ನ ಬೆರಳಿಗೇ ತಿರುಗಿಸಿ ಇಟ್ಟಿದ್ದೀಯಲ್ಲೋ, ಡುಲುತ್‌ನಲ್ಲಿ ಮರ್ಯಾದೆ ಕಲಿಸ್ತಾರೆ ಅಂತ ಗೊತ್ತಿರಲಿಲ್ಲ.

ಕೇಳು. ಆ ಗಾಡಿ ನಾನು ತಮಾಷೆಗೆ ಎತ್ತಿದ್ದು. ನಿನ್ನದು ಯಾವುದು ಅಂತ ಮೊದಲನೇ ಸುತ್ತಲ್ಲೇ ಗೊತ್ತಾಗಿತ್ತು ನಂಗೆ. ಇದೇ, ಈ ಕೈಯಲ್ಲಿರೋದು. ನಿನ್ನ ಆಟ ಎಲ್ಲಿಗೆ ಹೋಗತ್ತೆ ನೋಡೋಣ ಅಂತ ಸುಮ್ನಿದ್ದೆ... ಹಸಿರು. ಹಸಿರು ಗಾಡಿ, ಮಿಷಿಗನ್ ಕಡೆ ಕಂಪನಿದು. ಅಲ್ವಾ?... ಮಾತಾಡೋ. ಹಸಿರು ತಾನೆ?... ಸರಿ, ಹಸಿರು ಅಂದ್ರೆ ಪೂರ್ತಿ ಹಸಿರಲ್ಲ. ಒಂಥರಾ... ನೀಲಿ ಬೆರೆತ... ಕೆಂಪು! ಕೆಂಪು ಕಣೋ, ಬಾಯಿ ತಪ್ಪಿ ಹಸಿರು ಅಂದೆ. ಏನಾದ್ರೂ ಅನ್ನು ಮಾರಾಯ! ನಗೋನಾದ್ರೆ ನಗು! ಆಗ ಅಷ್ಟು ನಗ್ತಿದ್ಯಲ್ಲ?

...ಹಳದಿ?

ವಿಲ್ಹೋ, ಯಾವ ಬಣ್ಣ ಹೇಳೋ ಇದು.

ಹೇಳಲ್ವಾ. ಬೇಡ ಬಿಡು. ಗೊತ್ತಾಯ್ತಲ್ಲ ನಿಂಗೆ. ಗೆದ್ದೆ. ಕಾಣಿಸಲ್ಲ ಕಣೋ ನಂಗೆ. ಈ ಕೈ ಮುಖದ ಮುಂದೆ ಹಿಡಿದ್ರೆ ಬೆರಳಿಲ್ಲ. ಗೋಡೆ ಇದೆ, ಮೇಜಿನ ಅಂಚಿದೆ, ಕಡೆಗಣ್ಣಲ್ಲಿ ಕಿಟಕಿ ಬೆಳಕಿದೆ. ನೇರ ನೋಡಿದ ಕಡೆ ಹೊಗೆಮುದ್ದೆ. ನೀನು ಎದುರಿಗೇ ಕೂತಿದ್ದೀಯ, ನಿಂಗೆ ಮುಖಾನೇ ಇಲ್ಲ. ವಸಂತದಲ್ಲೇ ಡಾಕ್ಟ್ರು ಹೇಳಿದ್ರು, ಒಳಗಿನ ಪರದೆ ಸವೆದು ಹೋಗಿದೆ, ಕನ್ನಡಕಕ್ಕೂ ಆಗಲ್ಲ, ಕತ್ತರಿಗೂ ಆಗಲ್ಲ, ಹೀಗೇ ಹೋಗತ್ತೆ ಅಂತ. ನಾನು ಹೊರಗೆ ಬಂದು ಐಲಿಗೆ ಏನಂದೆ ಗೊತ್ತಾ? 'ಹೊಸ ಕನ್ನಡಕ ಬರೆದುಕೊಟ್ಟಿದಾರೆ' ಅಂದೆ. ಅವಳಿಗೆ ಅದೇ ವಾರ ಯಂತ್ರ ಶುರುವಾಗಿತ್ತು. ಹೇಗೆ ಹೇಳ್ಲಿ? ಯಾವ ಬಾಯಲ್ಲಿ ಹೇಳ್ಲಿ? ಆಸ್ಪತ್ರೆ ವ್ಯಾನಿನವನು ನಮ್ಮೂರ ತನಕ ಬರಲ್ಲ. ಪಕ್ಕದ ಮನೆ ಹುಡುಗರೆಲ್ಲ ಗಣಿ ಮುಚ್ಚಿದ ಮೇಲೆ ಊರು ಬಿಟ್ರು. ಕಾರಿಗೆ ಇರೋನು ನಾನೊಬ್ಬ.

ಹೇಗೆ ಓಡಿಸ್ತಿದ್ದೆ ಅಂತೀಯಾ? ಕೇಳಿದ್ರೆ ಬೈತೀಯ. ಬೈ. ಐಲಿ ಬಾಯಿಂದ ಓಡಿಸ್ತಿದ್ದೆ ಕಣೋ! ನಿಮ್ಮಕ್ಕ ಕಾರಲ್ಲಿ ಕೂತ್ರೆ ಬಾಯಿ ಮುಚ್ಚಲ್ಲ, ನಿಂಗೆ ಗೊತ್ತಲ್ಲ... ಮೊದಲು ಹಾಗಿರಲಿಲ್ಲ, ಈಗೀಗ ಶುರುವಾಗಿದೆ. 'ಅಯ್ಯೋ ಲೈಟು ಕೆಂಪಾಯ್ತು. ಶಾಲೆ ಬಸ್ಸು ನಿಂತಿದೆ ನೋಡು ಮುಂದೆ. ದಾರಿ ಎಡಕ್ಕೆ ಹೋಗತ್ತಲ್ವಾ ಇಲ್ಲಿ. ಆ ಮುದುಕಿ ರಸ್ತೆ ದಾಟ್ತಿದಾಳೆ, ಎಷ್ಟು ನಿಧಾನ!' ಹೀಗೇ, ದಾರಿ ಪೂರ್ತಿ, ಚಿಲಿಪಿಲಿ ಚಿಲಿಪಿಲಿ. ಅವಳು ಕೆಂಪು ಅಂದ್ರೆ ನಾನು ನಿಲ್ಲಿಸೋದು, ಎಡ ಅಂದ್ರೆ ತಿರುಗಿಸೋದು. ಮಧ್ಯ ಮಧ್ಯ ಬೈಯೋದು ಬೇರೆ, 'ನಂಗೂ ಕಣ್ಣಿದೆ, ಸುಮ್ನಿರೇ' ಅಂತ! ಪಾಪ, ಬಾಯಿಚಪಲಕ್ಕೆ ಮಾತಾಡ್ತಾಳೆ, ಅದರಿಂದ ಕಾರು ಓಡ್ತಿದೆ ಅಂತ ಅವಳಿಗೇನು ಗೊತ್ತು.

ನಗು ಬರಲ್ವಾ ನಿಂಗೆ? ನಂಗೆ ಬರ್ತಿತ್ತು.

ಹೋಗೋವಾಗ ಸರಿ. ಬರೋವಾಗ... ಈಗೀಗ ಆ ಯಂತ್ರ ಅವಳನ್ನ ಹಿಂಡಿಹಾಕತ್ತೆ ಕಣೋ. ಕಾರು ಹತ್ತಿದ ಕೂಡಲೇ ನಿದ್ದೆ. ಆ ಟಪಾಲು ಡಬ್ಬಿಗೆ ಗುದ್ದಿದ ದಿನಾನೂ ಅಷ್ಟೇ. 'ಐಲಿ, ಏನಾದ್ರೂ ಮಾತಾಡೇ' ಅಂದೆ. ಉಸಿರಾಟ ಅಷ್ಟೇ ಕೇಳಿಸ್ತು. ಎಬ್ಬಿಸೋಕೆ ಮನಸ್ಸು ಬರಲಿಲ್ಲ. ಮನೆ ಹತ್ರ ತಾನೆ, ಗೊತ್ತಿರೋ ದಾರಿ ತಾನೆ... ಠಪ್ ಅಂತು. ಏನಕ್ಕೆ ಗುದ್ದಿದೆ ಅಂತ ಗೊತ್ತಿಲ್ಲ ವಿಲ್ಹೋ. ನಿಜ ಹೇಳ್ತೀನಿ, ಗೊತ್ತಿರಲಿಲ್ಲ. ಸಣ್ಣದೇನೋ, ಇಷ್ಟೆತ್ತರದ್ದು. ಶಾಲೆ ಬಿಡೋ ಹೊತ್ತು. ನಾನು ಇಳಿದು ಹಿಮದಲ್ಲಿ ಮಂಡಿಯೂರಿ ಕೈಯಾಡಿಸ್ತಾ ಹೋದೆ, ಆಡಿಸ್ತಾ ಹೋದೆ... ತಗಡು ಸಿಕ್ತು. ಬರೀ ತಗಡು, ಕಾಗದ. ತಗಡು ಅಂತ ಗೊತ್ತಾದ ಮೇಲೆ ಅಲ್ಲೇ ಕೂತು ಅತ್ತೆ. ಕಾರೊಳಗೆ ಅವಳು ಮಲಗೇ ಇದ್ಲು. ಎದ್ದ ಮೇಲೆ ಜಿಂಕೆ ಅಡ್ಡ ಬಂತು, ಡಬ್ಬಿಗೆ ತಾಗ್ತು ಅಂದೆ.

ಇನ್ನು ಕಾರು ಮುಟ್ಟಲ್ಲ. ನೀನು ಹೇಳೋದೇ ಬೇಡ. ಆದ್ರೆ... ಮುಟ್ಟದಿದ್ರೆ ಅವಳು ನಿನ್ನ ಜೊತೆ ಹೊರಡ್ತಾಳೆ. ಮುಟ್ಟಿದ್ರೆ ಯಾರದೋ ಮಗು... ಏನು ಮಾಡ್ಲಿ ಹೇಳು? ನಿಂಗೆ ತೋಚಿದ್ದು ಹೇಳು. ನಂಗೆ ಏನೂ ತೋಚ್ತಿಲ್ಲ. ಒಂದೇ ಕೋಣೆ ಅಂದೆ. ನಾನು ನಿಮ್ಮ ಅಡಿಗೆಮನೇಲಿ ಮಲಗ್ತೀನಿ. ಈ ರೈಲೆಲ್ಲ ಮಾರಿಬಿಡ್ತೀನಿ, ಎಸ್ಕೋಗೇ ಕೊಟ್ಟುಬಿಡ್ತೀನಿ, ಯಾವ ನಂಬರ್ ಯಾವುದು ಅಂತ ನಂಗೇ ಕಾಣದ ಮೇಲೆ ಇಟ್ಕೊಂಡು ಏನು? ಮೂಲೇಲಿ ಒಂದು ಚಾಪೆ ಸಾಕು ಕಣೋ ನಂಗೆ... ಯಾಕೆ ಹೀಗೆ ಸುಮ್ನಿದ್ದೀಯ? ಆಗಲ್ಲ ಅಂತಾನಾ?

ಸರಿ. ಅದು ಬಿಡು. ಇದೊಂದು ನಡೆಸಿಕೊಡು. ಐಲಿಗೆ ಹೇಳಬೇಡ. ಅವಳಿಗೆ ಬೇರೆ ಏನಾದ್ರೂ ಹೇಳು, ಡುಲುತ್‌ನಲ್ಲಿ ಒಳ್ಳೆ ಡಾಕ್ಟ್ರು ಇದಾರೆ ಅನ್ನು, ತೌನೋಗೆ ವಯಸ್ಸಾಯ್ತು ಅನ್ನು, ಕುಡೀತಾನೆ ಅಂತ ಬೇಕಾದ್ರೂ ಹೇಳು. ಕುರುಡ ಅಂತ ಮಾತ್ರ ಬೇಡ. ಇಷ್ಟು ದಿನ ಕುರುಡನ ಪಕ್ಕ ಕೂತಿದ್ದೆ ಅಂತ ಅವಳಿಗೆ ಗೊತ್ತಾದ್ರೆ... ಆ ಭಯ ಬೇಡ ಅವಳಿಗೆ. ಮಾತು ಕೊಡು. ಕೈ ಕೊಡು ಇಲ್ಲಿ. ಕೊಡೋ!

ಹಾಂ... ಎಷ್ಟು ತಣ್ಣಗಿದೆ. ಎಷ್ಟು ಸೊರಗಿದೆಯೋ ನಿನ್ನ ಕೈ... ಇದೇನು? ಈ ತೋಳಲ್ಲಿ, ಚರ್ಮದ ಕೆಳಗೆ... ಗುಂಯ್ ಅಂತಿದೆಯಲ್ಲ. ಆ ಯಂತ್ರದ ಸೂಜಿ ಹಾಕೋಕೆ ಅಂತ ನರಕ್ಕೆ ನರ ಸೇರಿಸಿ ಹೊಲಿದ ಜಾಗ... ದಿನಾ ನಾನು ಕೈಯಿಟ್ಕೊಂಡು ನಿದ್ದೆ ಹೋಗೋ ಜಾಗ...

ಐಲಿ.

ಯಾವಾಗಿಂದ ಕೂತಿದ್ದೀಯ? ಕಾಫಿ ತಂದಿದ್ದು ನೀನಾ? ಕಪ್ಪಿನ ಹಿಡಿ... ಅಯ್ಯೋ ದೇವರೇ. ಹಾಗಾದ್ರೆ ಮೇಲೆ ಓಡಾಡ್ತಿರೋದು ವಿಲ್ಹೋನಾ? ಏನದು ಎಳೀತಿರೋ ಸದ್ದು, ಪೆಟ್ಟಿಗೆನಾ? ತುಂಬಿ ಆಗಿದೆಯಾ?... ಫೋನ್ ಮಾಡಿ ಕರೆಸಿದ್ದು ನೀನೇ. ಡಬ್ಬಿಗೆ ಅಲ್ಲ ಅಲ್ವಾ? ನಿಂಗೆ ಗೊತ್ತಿತ್ತು. ಲೈಟು ಕೆಂಪು, ಬಸ್ಸು ನಿಂತಿದೆ, ದಾರಿ ಎಡಕ್ಕೆ... ಅದು ಬಾಯಿಚಪಲ ಅಲ್ಲ. ನಂಗೇ ಹೇಳ್ತಿದ್ದೆ. ಅಷ್ಟು ದಿನಾನೂ ನಂಗೇ ಹೇಳ್ತಿದ್ದೆ, ನಾನು ಸುಮ್ನಿರೇ ಅಂತ ಬೈತಿದ್ದೆ... ಮಾತಾಡು ಐಲಿ. ನನ್ನ ಕಡೆ ನೋಡ್ತಿದ್ದೀಯಾ, ಆ ಕಡೆ ತಿರುಗಿದ್ದೀಯಾ? ಕೋಪಾನಾ? ಅಳ್ತಿದ್ದೀಯಾ? ಹೇಳೇ. ನೀನು ಹೇಳದಿದ್ರೆ ನಂಗೆ ಹೇಗೆ ಗೊತ್ತಾಗ್ಬೇಕು?